ಮದ್ದೂರು–ಮಳವಳ್ಳಿಯಷ್ಟು ದೂರ

ಬೆಸಗರಹಳ್ಳಿಯ ಹೊರಗೆ, ನನ್ನ ಬಸ್ಸಿನಲ್ಲಿ ಕಂಡಕ್ಟರಾಗಿದ್ದವಳ ಮನೆಯ ಹೊಲದ ಬದುವಿನ ಪಕ್ಕದಲ್ಲಿ ಈಗ ನಾಲ್ಕು ಮಣ್ಣುಗುಡ್ಡೆಗಳಿವೆ. ಅದರಲ್ಲೊಂದರೊಳಗೆ ಮನುಷ್ಯರಿಲ್ಲ, ಹುಲ್ಲಿನ ಗೊಂಬೆ ಇದೆ. ಕೊನೇದರ ಮಣ್ಣು ಇನ್ನೂ ಹಸಿ. ನಿನ್ನೆ ಅದಕ್ಕೆ ಹಾಲು ತುಪ್ಪ ಬಿಟ್ಟು ಬಂದೆ.

ಮಣ್ಣು ಮಾಡಿದ ಮೂರನೇ ದಿನ ಗರಿಕೆ ಅದ್ದಿ ಹಾಲು ತುಪ್ಪ ಬಿಡೋದು ನಮ್ಮ ಕಡೆ ಎಲ್ಲರ ಮನೆಯಲ್ಲೂ ಇರೋದೇ. ಬಿಟ್ಟಾದ ಮೇಲೆ ಕೈ ತೊಳೆದು ಹೊಂಗೆಮರದ ನೆರಳಲ್ಲಿ ಕೂತು ಸತ್ತವರ ವಿಚಾರ ಮಾತಾಡ್ತಾರೆ. ನಿನ್ನೆಯೂ ಆಡಿದರು. "ಒಳ್ಳೆ ಹೆಂಗ್ಸು ಕಣಪ್ಪ, ಆದ್ರೆ ಗಂಡ ಕಳೆದೋದ್ಮೇಲೆ ತಲೆ ವಸಿ ಅಂಗಾಗಿತ್ತು," ಅಂತ ಒಬ್ಬ ಬೀಡಿ ಹಚ್ಚಿಕೊಂಡು ಹೇಳಿದ. ಉಳಿದವರು ಹೂಂ ಅಂದರು. ನನಗೆ ಎಲ್ಲಿತ್ತೋ ಸಿಟ್ಟು. ಹಸಿ ಮಣ್ಣಿನ ಮುಂದೆ ಜಗಳ ಬೇಡ ಅಂತ ಎದ್ದು ಬಂದೆ. ಆ ಸಿಟ್ಟು ಇವತ್ತು ಬೆಳಗ್ಗೆಯೂ ಇಳಿದಿಲ್ಲ, ಅದಕ್ಕೇ ಬರೆಯೋಕೆ ಕೂತಿದ್ದೀನಿ. ಹೆಸರು ಬರೆಯೋಲ್ಲ. ಬಸ್ಸಿನಲ್ಲಿ ಯಾರೂ ಅವಳನ್ನ ಹೆಸರು ಹಿಡಿದು ಕರೆದವರಲ್ಲ. ಕಂಡಕ್ಟ್ರಮ್ಮ ಅಂತಿದ್ದರು, ನನಗೂ ಅದೇ ಸಾಕು.

ನಾನು ಡ್ರೈವರ್. ರಿಟೈರ್ ಆಗೋಕೆ ಮುಂಚಿನ ಬಹಳ ವರ್ಷ ಮದ್ದೂರು–ಮಳವಳ್ಳಿ ಬಸ್ಸು ಓಡಿಸಿದೆ. ಡ್ರೈವರಿಗೆ ಕಂಡಕ್ಟರ ಮುಖ ಕಾಣೋದು ಕಡಿಮೆ, ಬೆನ್ನ ಹಿಂದಿನ ಸದ್ದೇ ಹೆಚ್ಚು. ಇವಳದ್ದು ಎರಡು ಸದ್ದು. ಒಂದು ಕೈ ತುಂಬಾ ಇದ್ದ ಹಸಿರು ಗಾಜಿನ ಬಳೆ, ಇನ್ನೊಂದು ಬಾಯಿ. ಬಳೆ ಸದ್ದು ಹಿಂದಿನ ಸೀಟಿಂದ ಮುಂದಕ್ಕೆ ಬಂತು ಅಂದ್ರೆ ಟಿಕೆಟ್ ಮುಗೀತು ಅಂತ ನನಗೆ ಗೊತ್ತಾಗೋದು. ಬಾಯಿಯ ವಿಚಾರ ಕೇಳಲೇಬೇಡಿ. ಹೆಂಗಸರಿಗೆ ಬಸ್ಸು ಫ್ರೀ ಆದ ಹೊಸದರಲ್ಲಿ ಒಬ್ಬ ಪಡ್ಡೆ ಹುಡುಗ, "ಇವ್ರಿಗೆಲ್ಲ ಬಿಟ್ಟಿ ಬುಟ್ಟು ನಾವ್ ನಿಂತ್ಕಂಡು ಸಾಯ್ಬೇಕು," ಅಂತ ಗೊಣಗಿದ. ಇವಳು ಟಿಕೆಟ್ ಮಿಷನ್ನು ಕಂಕುಳಿಗೆ ಸಿಕ್ಕಿಸಿಕೊಂಡು, "ಮೂರ್ನೇ ಸೀಟಲ್ಲಿ ನಿಮ್ಮವ್ವ ಕೂತವ್ಳೆ ನೋಡ್ಲಾ. ಓಗಿ ಎಬ್ಬಿಸ್ಬುಟ್ಟು ಕೂತ್ಕೊ, ಟಿಕೆಟ್ ನಾನ್ ಕೊಡ್ತೀನಿ," ಅಂದಳು. ಅವನ ಅವ್ವ ನಿಜವಾಗ್ಲೂ ಅಲ್ಲೇ ಕೂತಿದ್ದಳು. ಹುಡುಗ ಕೆ.ಎಂ.ದೊಡ್ಡಿವರೆಗೆ ತಲೆ ಎತ್ತಲಿಲ್ಲ.

ಮಳವಳ್ಳಿ ಸ್ಟ್ಯಾಂಡಿನಲ್ಲಿ ಊಟಕ್ಕೆ ಕೂತರೆ ಅವಳ ಬುತ್ತಿಯಲ್ಲಿ ಮುದ್ದೆ, ಉಪ್ಸಾರು, ಪುಟ್ಟ ಸ್ಟೀಲ್ ಡಬ್ಬಿಯಲ್ಲಿ ಖಾರ. ನನ್ನ ಬುತ್ತಿ ಇಣುಕಿ, "ಅತ್ತಿಗೆ ಇವತ್ತೂ ಅನ್ನ ಕಟ್ಟವ್ರಾ? ಅಣ್ಣ, ಇಂಗ್ ತಿಂದು ನೀನೆಂಗೆ ಗೇರ್ ಹಾಕ್ತೀಯ," ಅಂತ ಅರ್ಧ ಮುದ್ದೆ ಮುರಿದು ನನ್ನ ಕಡೆ ಹಾಕೋಳು. ನನ್ನನ್ನ ಅಣ್ಣ ಅಂತಲೇ ಕರೀತಿದ್ದಳು. ನಾನು ತಾಯಿ ಅಂತಿದ್ದೆ, ಸಿಟ್ಟು ಬಂದಾಗ ಹೋಗಮ್ಮ ಅಂತಿದ್ದೆ.

ಸಿಟ್ಟು ಬರಿಸೋದು ಅವಳ ಒಂದೇ ಅಭ್ಯಾಸ. ದೂರದ ಗದ್ದೆ ಬದುವಿನ ಮೇಲೆ ಯಾರಾದರೂ ಕೈ ಎತ್ತಿದ್ದು ಕಂಡರೂ ಸಾಕು, "ಹೋಲ್ಡಾನ್," ಅನ್ನೋಳು. ಆ ಮುದುಕನೋ ಮುದುಕಿಯೋ ಕಾಲುವೆ ದಾಟಿ, ಕಬ್ಬಿನ ಅಂಚು ಹಿಡಿದು, ಚಪ್ಪಲಿ ಕೈಯಲ್ಲಿ ಹಿಡ್ಕೊಂಡು ಬರೋವರೆಗೆ ಬಸ್ಸು ಗುರುಗುಟ್ಟಿಕೊಂಡು ನಿಂತಿರಬೇಕು. ನಾನು ರೇಗಿದರೆ, "ಬತ್ತಾವ್ರಲ್ಲಣ್ಣ. ನಡ್ಕಂಡು ಬರೋರ್ನ ಬುಟ್ಟು ಓಗಾಕಾಯ್ತದಾ," ಅನ್ನೋಳು. ಲೇಟಾಗಿದ್ದಕ್ಕೆ ಡಿಪೋದಲ್ಲಿ ಬೈಸಿಕೊಂಡವನು ನಾನು.

ಈ ಅಭ್ಯಾಸ ಅವಳಿಗೆ ಯಾಕೆ ಹತ್ತಿತ್ತು ಅಂತ ಮೊದಮೊದಲು ನನಗೆ ಗೊತ್ತಿರಲಿಲ್ಲ. ಒಂದು ದಿನ ಊಟದ ಹೊತ್ತಲ್ಲಿ ಅವಳೇ ಹೇಳಿದಳು.

ಅವಳ ಗಂಡ ಬುಲ್ಡೋಜರ್ ಮೆಕ್ಯಾನಿಕ್. ದೇಶದ ಉತ್ತರದ ತುದಿಯಲ್ಲಿ, ಹಿಮದ ಬೆಟ್ಟಗಳ ನಡುವೆ ರಸ್ತೆ ಮಾಡೋ ಕೆಲಸಕ್ಕೆ ಸೇರಿದ್ದ. ಅಲ್ಲಿ ಎರಡು ಸಣ್ಣ ಊರು. ಎರಡಕ್ಕೂ ನಡುವೆ ಒಂದು ಬೆಟ್ಟ. ಚಳಿಗಾಲ ಬಂತು ಅಂದ್ರೆ ಬೆಟ್ಟದ ದಾರಿ ಮುಚ್ಚಿಹೋಗ್ತಿತ್ತು. ಆಮೇಲೆ ಈ ಊರಿಂದ ಆ ಊರಿಗೆ ಹೆಲಿಕಾಪ್ಟರೇ ಗತಿ. ಸೀಮೆಣ್ಣೆ, ಅಕ್ಕಿ, ಕಾಯಿಲೆಯವರು, ಬಾಣಂತಿಯರು, ಎಲ್ಲ ಅದರಲ್ಲೇ. ಫೋನು ಸಿಕ್ಕಾಗ ಅವನು ಹೆಂಡತಿಗೆ ಹೇಳ್ತಿದ್ದನಂತೆ, "ಗಾಳಿ ಮೇಲೆ ಓದ್ರೆ ಒಂದ್ ಬೀಡಿ ಸೇದಿ ಮುಗ್ಸೋವಷ್ಟು ಹೊತ್ತು ಕಣೆ. ನೆಲದ ಮೇಲೆ ಓಗ್ಬೇಕು ಅಂದ್ರೆ ಬ್ಯಾಸ್ಗೆ ಬರ್ಬೇಕು."

ಒಂದು ಚಳಿಗಾಲ, ಆ ಊರಲ್ಲಿ ಒಂದು ಮೆಷಿನು ಕೆಟ್ಟಿದೆ ಅಂತ ಇವನನ್ನ ಹತ್ತಿಸಿ ಕಳಿಸಿದರು. ಹೆಲಿಕಾಪ್ಟರು ಈ ಊರಿಂದ ಎದ್ದದ್ದನ್ನ ನೋಡಿದವರಿದ್ದಾರೆ. ಆ ಊರಲ್ಲಿ ಇಳಿದದ್ದನ್ನ ನೋಡಿದವರಿಲ್ಲ.

ಸುದ್ದಿ ಹೇಳಿದ್ದು ಗಂಡನ ಗೆಳೆಯ, ನಮ್ಮ ಮಂಡ್ಯದ ವಿ.ಸಿ. ಫಾರಂ ಕಡೆಯ ಹುಡುಗ, ಅಲ್ಲೇ ಸೈನ್ಯದಲ್ಲಿದ್ದವನು. ಪಾಪ, ಇವಳಿಗೆ ಧೈರ್ಯ ತುಂಬೋಣ ಅಂತ ಅವನಿಗೆ ತೋಚಿದ ಒಂದು ಮಾತು ಸೇರಿಸಿದ. "ಅಕ್ಕಾ, ಗಾಬರಿ ಬೀಳ್ಬ್ಯಾಡಿ. ಎಲ್ಡು ಊರ್ಗೂ ಗಾಳಿ ಮೇಲೆ ನಮ್ಮ ಮದ್ದೂರು ಮಳವಳ್ಳಿ ಅಷ್ಟೇ ದೂರ. ಸಿಕ್ಬುಡ್ತಾರೆ."

ಬೇರೆ ಯಾರಿಗಾದ್ರೂ ಅದು ಒಂದು ಸಮಾಧಾನದ ಮಾತು. ಬಸ್ ಕಂಡಕ್ಟರಿಗೆ ಹಾಗಲ್ಲ. ನಮ್ಮಂಥವರಿಗೆ ದೂರ ಅಂದ್ರೆ ಸ್ಟೇಜು, ಟಿಕೆಟ್ ದರ ಬದಲಾಗೋ ಜಾಗ. ಮದ್ದೂರು ಮಳವಳ್ಳಿ ಅಂದ ತಕ್ಷಣ ಶಿಂಷಾ ಹೊಳೆ, ಕಬ್ಬಿನ ಗದ್ದೆ, ಕೆ.ಎಂ.ದೊಡ್ಡಿಯ ಫ್ಯಾಕ್ಟರಿ ವಾಸನೆ, ಹತ್ತೋರು, ಇಳಿಯೋರು, ಎಲ್ಲ ಕಣ್ಣ ಮುಂದೆ ಬರ್ತದೆ. ಅಷ್ಟು ದೂರದಲ್ಲಿ ಒಬ್ಬ ಮನುಷ್ಯ ಹೇಗೆ ಕಳೆದುಹೋಗ್ತಾನೆ? ಅವಳು ಅವತ್ತೇ ಎಲ್ಲರಿಗೂ ಫೋನು ಹಚ್ಚಿ ಅದನ್ನೇ ಕೇಳಿದಳಂತೆ. ಹಿಂದಿ ಬರೋ ಯಾರನ್ನೋ ಹಿಡಿದು ಅಲ್ಲಿಯ ಸಾಹೇಬರನ್ನೂ ಕೇಳಿಸಿದಳು. "ಸಾರ್, ನಡ್ಕಂಡು ಹುಡುಕ್ಸಿ. ನಡ್ಯೋ ಅಷ್ಟೇ ದೂರ." ಸಾಹೇಬರು ಗಾಳಿ ಇದೆ, ಹಿಮ ಬೀಳ್ತಿದೆ, ಮೇಲಿಂದ ನೋಡ್ತಿದ್ದೀವಿ ಅಂದರು. ಮೇಲಿಂದ ಏನೂ ಕಾಣಲಿಲ್ಲ.

ಬೇಸಿಗೆಗೆ ಹಿಮ ಕರಗಿದಾಗ ಹೆಲಿಕಾಪ್ಟರಿನ ಕಬ್ಬಿಣ ಸಿಕ್ತು. ಜೊತೆಗಿದ್ದವರ ಹೆಣಗಳೂ ಅಲ್ಲೇ ಸಿಕ್ಕವು. ಅವನೊಬ್ಬ ಇರಲಿಲ್ಲ. ಬಿರುಕಿನೊಳಗೆ ಬಿದ್ದಿರಬೇಕು ಅಂತ ಅವರು ತೀರ್ಮಾನ ಮಾಡಿಬಿಟ್ಟರು. ಇವಳು ಗೆಳೆಯನನ್ನ ಬಿಡದೆ ಕೇಳಿದಳು, "ಕಬ್ಬಿಣ ಬಿದ್ದಿದ್ದು ಎಲ್ಲಪ್ಪ? ನಮ್ಮ ರೋಡ್ ಲೆಕ್ಕದಲ್ಲಿ ಏಳು." ಅವನು ಯೋಚನೆ ಮಾಡಿ, ಕೆ.ಎಂ.ದೊಡ್ಡಿ ದಾಟಿ ಒಂದೆರಡು ಸ್ಟೇಜು ಮುಂದೆ ಅಂದ. ಅದಾದ ಮೇಲೆಯೇ ಅವಳು ಡಿಪೋದಲ್ಲಿ ಕಾಡಿ ಬೇಡಿ ನನ್ನ ಬಸ್ಸಿಗೆ ಬಂದದ್ದು.

"ಎಲ್ರೂ ಅಲ್ಲೇ ಅವ್ರೆ. ಇವ್ರೊಬ್ರು ಇಲ್ಲ. ಅಂದ್ರೆ ಏನರ್ಥ ಅಣ್ಣ? ಎದ್ದು ನಡೆದವ್ರೆ ಅಂತ ತಾನೆ?" ಅಂದಳು ಅವತ್ತು ಊಟ ಮಾಡ್ತಾ.

ಬುತ್ತಿ ಅವಳ ಕಡೆ ತಳ್ಳಿದೆ. "ತಿನ್ನು ತಾಯಿ, ಟೈಮಾಯ್ತು," ಅಂದೆ.

ಬಳೆ ತೆಗೆದಿಲ್ಲ, ಕುಂಕುಮ ಅಳಿಸಿಲ್ಲ ಅಂತ ಬಸ್ಸಿನಲ್ಲಿ ಪಿಸುಪಿಸು ನಡೀತಿತ್ತು. ನಮ್ಮ ಜನಕ್ಕೆ ಬೇರೆಯವರ ಕೈಬಳೆ ಎಣಿಸೋದು ಅಂದ್ರೆ ಊಟಕ್ಕಿಂತ ರುಚಿ. ಒಂದಿಬ್ಬರನ್ನ ನಾನೇ ಕನ್ನಡಿಯಲ್ಲಿ ನೋಡಿ ಗದರಿಸಿದ್ದೀನಿ. ಆದರೆ ಮನೆಯೊಳಗಿನದು ಗದರಿಸಿ ಬಾಯಿ ಮುಚ್ಚಿಸೋ ವಿಚಾರವಾಗಿರಲಿಲ್ಲ. ಅದು ಗೊತ್ತಾಗಿದ್ದು ಪಕ್ಷದ ಹಬ್ಬಕ್ಕೆ ಅವರ ಮನೆಗೆ ಹೋದಾಗ. ಸತ್ತವರಿಗೆಲ್ಲ ಎಡೆ ಇಡೋ ದಿನ. ಗೋಡೆ ಬದಿಗೆ ಮಾವನ ಹೆಸರಲ್ಲಿ ಹೊಸ ಪಂಚೆ, ಬಾಳೆಲೆ ತುಂಬಾ ಅಡುಗೆ. ಮಗನ ಹೆಸರಲ್ಲಿ ಏನೂ ಇರಲಿಲ್ಲ. ಅತ್ತೆ ಮೂಲೆಯಲ್ಲಿ ಕೂತಿದ್ದಳು, ಒಣಗಿದ ಮುದುಕಿ. ಎಲ್ಲರಿಗೂ ಕಾಫಿ ಬಂತು. ಅವಳ ಲೋಟದಲ್ಲಿ ಮಾತ್ರ ಬರೀ ಕಪ್ಪು ಡಿಕಾಕ್ಷನ್ನು.

"ಯಾಕಜ್ಜಿ, ಸಕ್ಕರೆ ಕಾಯಿಲೆಯಾ?" ಅಂದೆ.

"ಸಕ್ಕರೆ ಅಲ್ಲ ಕಣ್ಮಗ, ಹಾಲು. ನನ್ ಮಗನ್ ಮಣ್ಗೆ ಹಾಲು ಬೀಳೋಗಂಟ ನನ್ ಬಾಯ್ಗೂ ಬ್ಯಾಡ ಅಂತ ಬುಟ್ಟಿವ್ನಿ." ಮೊಸರು ಮಜ್ಜಿಗೆಯನ್ನೂ ಬಿಟ್ಟಿದ್ದಳಂತೆ. "ನೀನಾದ್ರೂ ಏಳಪ್ಪ ಇವ್ಳಿಗೆ. ಮಣ್ಣು ಮಾಡ್ದೆ, ಹಾಲು ಬುಡ್ದೆ, ಅಲ್ಲೆಲ್ಲೋ ಬಾಯಾರ್ಕಂಡು ತಿರುಗ್ತಾ ಅವ್ನೆ ನನ್ ಕಂದ. ನಾನೆಂಗೆ ಸಾಯ್ಲಿ?"

ಮೈದುನ ಬಾಗಿಲಲ್ಲಿ ನಿಂತಿದ್ದ. ಹೆಣ ಸಿಗದಿದ್ದರೆ ಹುಲ್ಲಿನ ಗೊಂಬೆ ಮಾಡಿ, ಅವನ ಅಂಗಿ ತೊಡಿಸಿ ಮಣ್ಣು ಮಾಡಬಹುದು, ಊರ ಹಿರಿಯರು ಒಪ್ಪಿದ್ದಾರೆ, ಅತ್ತಿಗೆ ಹೂಂ ಅಂದರೆ ಸಾಕು ಅಂದ. ಹೆಂಡತಿ ಒಪ್ಪದೆ ಗಂಡನಿಗೆ ಮಣ್ಣು ಹಾಕೋಕಾಗಲ್ಲವಲ್ಲ.

ಇವಳು ಎಡೆಗೆ ಕಡುಬು ಇಡ್ತಾ ಇದ್ದವಳು ತಿರುಗಿ ಕೂಡ ನೋಡಲಿಲ್ಲ. "ನಡ್ಕಂಡು ಬರೋರ್ಗೆ ಹಾಲು ಬುಡಾಕಾಯ್ತದಾ?"

"ಅತ್ತಿಗೆ, ಅದು ಮಂಜಿನ ಬೆಟ್ಟ. ನಮ್ಮ ಡಾಂಬರ್ ರೋಡಲ್ಲ."

"ಮಂಜಾದ್ರೇನು ಮಣ್ಣಾದ್ರೇನು ಕಣಪ್ಪ, ದೂರ ದೂರ್ವೇ. ಮದ್ದೂರು ಮಳವಳ್ಳಿ. ಅಷ್ಟ್ರಲ್ಲಿ ಒಬ್ಬ ಗಂಡ್ಸು ಎಂಗೆ ಕಳೆದೋಯ್ತಾನೆ ಅಂತ ಯಾರಾದ್ರೂ ಏಳಿ. ಆಮೇಲೆ ನಾನೇ ಹುಲ್ಲು ತತ್ತೀನಿ."

ಮುದುಕಿ ಲೋಟ ಕೆಳಗಿಟ್ಟು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಒಂದೇ ಮನೆಯಲ್ಲಿ ಒಬ್ಬನಿಗೋಸ್ಕರ ಇಬ್ಬರು ಹೆಂಗಸರು. ಒಬ್ಬಳು ಅವನನ್ನ ಮಲಗಿಸಬೇಕು ಅಂತಾಳೆ, ಇನ್ನೊಬ್ಬಳು ನಡೆಸ್ತಾ ಇದ್ದಾಳೆ. ಯಾರದು ಸರಿ ಅಂತ ಹೇಳೋ ಗಂಡಸು ನಾನಲ್ಲ. ಅವತ್ತಿನ ಕಡುಬು ನನಗೆ ಸೇರಲಿಲ್ಲ, ಅಷ್ಟು ಗೊತ್ತು.

ಆಮೇಲಿನ ಮಳೆಗಾಲ ಕೈಕೊಟ್ಟಿತು. ನೀರಿಗೋಸ್ಕರ ಬಂದ್ ಆಯ್ತು. ಮಂಡ್ಯದವರಿಗೆ ಬಂದ್ ಅಂದ್ರೆ ಏನು ಅಂತ ಹೊಸದಾಗಿ ಹೇಳಬೇಕಾಗಿಲ್ಲ. ನನ್ನ ಬಸ್ಸು ಹಿಂದಿನ ದಿನವೇ ಮಳವಳ್ಳಿಯಲ್ಲಿ ಸಿಕ್ಕಿಹಾಕಿಕೊಂಡಿತ್ತು. ಇವಳಿಗೆ ಅವತ್ತು ವಾರದ ರಜ, ಊರಲ್ಲಿದ್ದಳು. ರಸ್ತೆಯಲ್ಲಿ ಟೈರು ಸುಡ್ತಿದ್ದರು, ಒಂದು ಸೈಕಲ್ಲೂ ಓಡಾಡ್ತಿರಲಿಲ್ಲ. ನಾನು ಖಾಲಿ ಸ್ಟ್ಯಾಂಡಿನ ಕಟ್ಟೆ ಮೇಲೆ ಕಾಲು ಚಾಚಿ ಕೂತಿದ್ದೆ. ಹೊತ್ತು ಇಳಿಯೋ ಹಾಗಿತ್ತು. ಒಬ್ಬ ಹೆಂಗಸು ಮೈಯೆಲ್ಲ ಮಣ್ಣು ಮಾಡ್ಕೊಂಡು ಸ್ಟ್ಯಾಂಡಿನೊಳಗೆ ಬಂದಳು. ಕೂಲಿಯವಳು ಅಂದ್ಕೊಂಡೆ. ಬಳೆ ಸದ್ದು ಕೇಳಿ ಎದ್ದು ನಿಂತೆ.

ಮುಖ, ಕೈ, ಕುತ್ತಿಗೆ ತುಂಬಾ ಕಬ್ಬಿನ ಗರಿ ಕೊಯ್ದ ಗೆರೆ. ಅಲ್ಲಲ್ಲಿ ರಕ್ತ ಕಟ್ಟಿ ಕಪ್ಪಾಗಿತ್ತು. ಒಂದು ಚಪ್ಪಲಿ ಇರಲಿಲ್ಲ. ನೀರು ಕೊಟ್ಟೆ. ಕುಡಿದು ಕಟ್ಟೆ ಮೇಲೆ ಕೂತಳು.

"ಎಲ್ಲಿಂದಮ್ಮ?"

"ಮದ್ದೂರಿಂದ."

"ಇದೇನ್ ಬಂದಿದೆ ನಿಂಗೆ? ಬಂದ್ ದಿನ ರೋಡಲ್ಲಿ..."

"ರೋಡಲ್ಲಿ ಬರ್ನಿಲ್ಲ ಅಣ್ಣ. ಗಾಳಿ ದಾರೀಲಿ ಬಂದೆ."

ಬ್ಲಫ್ ಪವರ್ ಹೌಸ್ ಕಡೆಯಿಂದ ಕರೆಂಟು ತರೋ ದೊಡ್ಡ ಕಂಬಗಳಿವೆಯಲ್ಲ, ಅವು ರಸ್ತೆ ತಿರುಗಿದ ಹಾಗೆ ತಿರುಗೋಲ್ಲ. ಗದ್ದೆ, ತೋಟ, ಹಳ್ಳ, ಯಾವುದನ್ನೂ ಕೇಳದೆ ನೆಟ್ಟಗೆ ಹೋಗ್ತವೆ. ಇವಳು ಬೆಳಗ್ಗೆ ಹೊರಟು ಸಿಕ್ಕ ಸಿಕ್ಕ ಕಂಬ ಹಿಡಿದು ನೆಟ್ಟಗೆ ನಡೆದಿದ್ದಾಳೆ. ಗಂಡ ನಡೆದ ದೂರ ತಾನೂ ನಡೆದು ನೋಡೋದು, ಅಷ್ಟರಲ್ಲಿ ಯಾರೂ ಕಳೆದುಹೋಗೋಲ್ಲ ಅಂತ ಅತ್ತೆಗೆ, ಮೈದುನನಿಗೆ, ಊರಿಗೆ ಹೇಳೋದು. ಅದು ಅವಳ ಯೋಚನೆ. ದೊಡ್ಡಿ ದಾಟೋವರೆಗೆ ಚೆನ್ನಾಗೇ ಬಂದಳಂತೆ. ಆಮೇಲೆ ಕಬ್ಬು. ಕಟಾವಿಗೆ ಬಂದ ಕಬ್ಬು, ಆಳಿಗಿಂತ ಎತ್ತರ.

"ಒಳಗೆ ನುಗ್ದೆ ಅಣ್ಣ. ವಸಿ ದೂರ ಓಗಿ ತಲೆ ಎತ್ತುದ್ರೆ ಕಂಬ ಕಾಣ್ದು. ಸುತ್ತ ಬರೀ ಗರಿ. ಪಕ್ಕದಲ್ಲೇ ಆಳುಗಳು ಸೋಗೆ ತರೀತಾ ಇದ್ರು, ಮಾತು ಕೇಳ್ತಿತ್ತು, ಮೊಬೈಲಲ್ಲಿ ಹಾಡು ಹಾಕ್ಕಂಡಿದ್ರು. ನಾನು ಕೂಗ್ದೆ. ಗಂಟಲು ಕಿತ್ತೋಗಂಗೆ ಕೂಗ್ದೆ. ಅವ್ರಿಗೆ ಕೇಳ್ನಿಲ್ಲ. ಅವ್ರ ಹಾಡು ನಂಗೆ ಕೇಳ್ತದೆ, ನನ್ ಕೂಗು ಅವ್ರಿಗೆ ಕೇಳಾಕಿಲ್ಲ. ಎಷ್ಟೊತ್ತು ಸುತ್ತುದ್ನೋ. ಈಚೆ ಬಂದು ನೋಡುದ್ರೆ ನುಗ್ಗಿದ್ ಕಡೆಯಿಂದ್ಲೇ ಬಂದಿದ್ದೆ."

ಸ್ಟ್ಯಾಂಡಿನಲ್ಲಿ ಒಂದು ನಾಯಿ ಬಿಟ್ಟರೆ ಯಾರೂ ಇರಲಿಲ್ಲ.

"ನಮ್ಮ ಕಬ್ಬು, ನಮ್ಮ ಸೀಮೆ," ಅಂದಳು. "ಕಳೆದೋಗ್ಬೋದು ಕಣಣ್ಣ. ಇಷ್ಟು ದೂರದಲ್ಲಿ ಒಬ್ಬ ಮನ್ಸ ಕಳೆದೋಗ್ಬೋದು."

ಆಮೇಲೆ ಅತ್ತಳು. ಅವಳು ಅತ್ತದ್ದನ್ನ ನಾನು ನೋಡಿದ್ದು ಅದೊಂದೇ ಸಲ. ಅತ್ತು ಮುಗಿಸಿ ಸೆರಗಿನಲ್ಲಿ ಮೂಗು ಒರೆಸಿಕೊಂಡು, "ಅತ್ತೆ ಹಾಲು ಬುಡ್ಲಿ," ಅಂದಳು.

ಗೊಂಬೆಗೆ ಹುಲ್ಲು ಅವಳೇ ತಂದಳು, ಮಾತು ಕೊಟ್ಟಿದ್ದಳಲ್ಲ. ಗಂಡನ ಕಂದು ಗೆರೆಯ ಅಂಗಿ ತೊಡಿಸಿದರು. ಬಳೆ ಒಡೆಯೋಕೆ ಬಂದ ಹೆಂಗಸರನ್ನ ತಡೆದು, "ಒಡೀಬ್ಯಾಡಿ, ನಾನೇ ತೆಗೀತೀನಿ," ಅಂತ ಒಂದೊಂದಾಗಿ ತೆಗೆದು ಗೊಂಬೆಯ ಎದೆ ಮೇಲಿಟ್ಟಳು. ಮೂರನೇ ದಿನ ಮುದುಕಿಯನ್ನ ಇಬ್ಬರು ಹಿಡಿದು ಗುಡ್ಡೆ ಹತ್ತಿರ ತಂದರು. ಹಾಲು ಮೊದಲು ಅವಳ ಕಾಲ ಮೇಲೇ ಚೆಲ್ಲಿತು. ಮತ್ತೆ ತುಂಬಿಸಿ ಕೊಟ್ಟರು, ಬಿಟ್ಟಳು. ತಂಬಿಗೆಯ ತಳದಲ್ಲಿ ಉಳಿದಿದ್ದನ್ನ ಇವಳು ಅತ್ತೆಯ ಬಾಯಿಗೆ ಹಿಡಿದಳು. ಮುದುಕಿ ಕುಡಿದಳು. "ಇನ್ ಮನೀಕೋ ಮಗ," ಅಂತ ಮಣ್ಣಿಗೆ ಹೇಳಿದಳು. ಬಹಳ ದಿನ ಉಳಿಯಲಿಲ್ಲ. ಸುಗ್ಗಿ ಹೊತ್ತಿಗೆ ಅವಳನ್ನೂ ಅದರ ಪಕ್ಕದಲ್ಲೇ ಮಲಗಿಸಿದರು.

ಬಸ್ಸಿನಲ್ಲಿ ನನ್ನ ಬೆನ್ನ ಹಿಂದೆ ಸದ್ದಿಲ್ಲ. ಟಿಕೆಟ್ ಮುಗೀತಾ ಇಲ್ಲವಾ ಅಂತ ತಿರುಗಿ ನೋಡಬೇಕಾಗ್ತಿತ್ತು. ಬಾಯಿಯೂ ಕಡಿಮೆಯಾಯ್ತು. ಪಡ್ಡೆ ಹುಡುಗರು ಏನಂದರೂ ಸುಮ್ಮನೆ ಟಿಕೆಟ್ ಹರಿದು ಕೊಡೋಳು. ಆದರೆ ಹೋಲ್ಡಾನ್ ಮಾತ್ರ ಬಿಡಲಿಲ್ಲ. ಬದುವಿನ ಮೇಲೆ ಯಾರಾದರೂ ಕಂಡರೆ ಬಸ್ಸು ನಿಲ್ಲಲೇಬೇಕು. ನಾನು ರೇಗೋದು ಬಿಟ್ಟಿದ್ದೆ.

ವರ್ಷಗಳು ಕಳೆದವು. ನನ್ನ ರಿಟೈರ್‌ಮೆಂಟು ಹತ್ತಿರ ಬಂತು. ಒಂದು ಬಿಸಿಲುಗಾಲ ಮಳವಳ್ಳಿ ಸ್ಟ್ಯಾಂಡಿನಲ್ಲಿ ಊಟಕ್ಕೆ ಕೂತಿದ್ದಾಗ ಅವಳಿಗೆ ಫೋನು ಬಂತು. ಅದೇ ಗೆಳೆಯ. ಸ್ಪೀಕರಿಗೆ ಹಾಕಿ ಇಬ್ಬರ ನಡುವೆ ಇಟ್ಟಳು. ಆ ಸಲ ಅಲ್ಲಿ ಹಿಮ ಎಂದೂ ಇಲ್ಲದಷ್ಟು ಕರಗಿತ್ತಂತೆ. ಆ ಊರಿನ ಕುರಿ ಕಾಯೋರಿಗೆ ಒಂದು ಹೆಣ ಸಿಕ್ಕಿದೆ. ಮಂಜಿನೊಳಗಿದ್ದದ್ದಕ್ಕೆ ಕೆಟ್ಟಿಲ್ಲ. ಇವನೇ ಹೋಗಿ ನೋಡಿದ್ದಾನೆ. "ಅಕ್ಕಾ, ಸೊಂಟದಲ್ಲಿ ಉಡ್ದಾರ ಇತ್ತು. ನಮ್ ಕಡೆ ಉಡ್ದಾರ, ಬೆಳ್ಳಿ ತಾಯಿತ. ನಿಮ್ಮ ಯಜಮಾನ್ರೇ."

ಇವಳು ಕೇಳಿದ್ದು ಒಂದೇ. "ಕಬ್ಬಿಣದ ಹತ್ರಾನಾ?"

ಅವನಿಗೂ ಗೊತ್ತಾಗಿರಬೇಕು ಏನು ಹೇಳೋಕೆ ಹೊರಟಿದ್ದೀನಿ ಅಂತ. "ಇಲ್ಲ ಅಕ್ಕ. ಮುಂದೆ. ಬಾಳ ಮುಂದೆ. ಒಂದ್ ಕಾಲ್ಗೆ ಕೋಟಿನ ತೋಳು ಹರ್ದು ಕಟ್ಕಂಡಿದ್ರು."

"ಯಾವ ಸ್ಟೇಜು?"

"ಅಕ್ಕ ಬುಡಿ..."

"ಏಳಪ್ಪ. ಯಾವ ಸ್ಟೇಜು?"

"ಮಳವಳ್ಳಿ ಕಾಣೋ ತಿರುವು ಅದ್ಯಲ್ಲ ಅಕ್ಕ. ಅಷ್ಟು ದೂರದಲ್ಲಿ. ಅಲ್ಲಿಂದ ಊರಿನ ದೀಪ ಕಾಣ್ತದೆ."

ಅವಳು ಫೋನು ಆರಿಸಿ ಸೀರೆ ಮೇಲೆ ಇಟ್ಟುಕೊಂಡಳು. ಮುದ್ದೆ ಹಾಗೇ ಇತ್ತು. "ನಡೆದವ್ರೆ ಅಣ್ಣ," ಅಂದಳು. "ಕಾಲು ಮುರ್ಕಂಡು ಮಳವಳ್ಳಿಗಂಟ ನಡೆದವ್ರೆ. ನಾನು ಅವತ್ತೇ ಏಳ್ದೆ, ನಡ್ಕಂಡು ಹುಡುಕ್ಸಿ ಅಂತ. ಆ ಊರಿಂದ ನಾಕ್ ಜನ ಈಚೆ ಬಂದು ಕೂಗಿದ್ರೆ ಸಾಕಾಗಿತ್ತು." ಬುತ್ತಿ ಮುಚ್ಚಿ, "ನಾನೂ ಕಬ್ಬಿನ ಗದ್ದೇಲಿ ಕೈ ಬುಟ್ಬುಟ್ಟೆ," ಅಂದಳು.

"ನೀನು ಕೈ ಬಿಡೋ ಹೊತ್ತಿಗೆ ಅವನು ಹೋಗಿ ಎಷ್ಟು ಕಾಲ ಆಗಿತ್ತಮ್ಮ," ಅಂತ ನಾನು ರೇಗಿದೆ. ಅವಳ ಮೇಲಲ್ಲ. ಯಾರ ಮೇಲೆ ಅಂತ ಇವತ್ತಿಗೂ ಗೊತ್ತಿಲ್ಲ.

ಪೆಟ್ಟಿಗೆ ವಿಮಾನದಲ್ಲಿ ಬೆಂಗಳೂರಿಗೆ ಬಂದು, ಅಲ್ಲಿಂದ ವ್ಯಾನಿನಲ್ಲಿ ಬೆಸಗರಹಳ್ಳಿಗೆ ಬಂತು. ಪೆಟ್ಟಿಗೆಯಲ್ಲಿದ್ದವನು ಹೋದಾಗಿನ ಹಾಗೇ ಕರೀ ಕೂದಲಿನ ಹುಡುಗ. ಹೆಂಡತಿಯ ತಲೆ ಆ ಹೊತ್ತಿಗೆ ನರೆತಿತ್ತು. ಊರಿನ ಹಿರಿಯರಿಗೆ ಬೇರೆಯದೇ ತಲೆಬಿಸಿ. ಒಂದು ಸಲ ಮಣ್ಣು ಮಾಡಿ, ಹಾಲು ಬಿಟ್ಟು, ತಿಥಿಯೂ ಆದವನಿಗೆ ಇನ್ನೊಂದು ಸಲ ಮಾಡೋದು ಹೇಗೆ? ಒಬ್ಬನಿಗೆ ಎರಡು ಗುಡ್ಡೆ ಇರಬಾರದು, ಗೊಂಬೆ ಅಗೆದು ತೆಗೀರಿ, ಆ ಜಾಗದಲ್ಲೇ ಇವನನ್ನ ಇಡಿ ಅಂತ ಒಬ್ಬರು ಹೇಳಿದರು. ಗುದ್ದಲಿಯೂ ಬಂತು.

ಇವಳು ಹೋಗಿ ಗೊಂಬೆಯ ಗುಡ್ಡೆ ಮುಂದೆ ನಿಂತಳು. "ಅದ್ನ ಮುಟ್ಬ್ಯಾಡಿ. ಅತ್ತೆ ಹಾಲು ಬುಟ್ಟಿರೋದು ಅದಕ್ಕೆ. ಅದೇ ಅವ್ರ ಮಗ, ಪಕ್ಕದಲ್ಲೇ ಇರ್ಲಿ. ಇವ್ರು ನನ್ ಗಂಡ. ಈ ಪಕ್ಕ ಇಡಿ." ಗುದ್ದಲಿ ಹಿಡಿದವನು ಈ ಪಕ್ಕಕ್ಕೆ ಬಂದ. ಮುದುಕಿಯ ಒಂದು ಪಕ್ಕ ಗೊಂಬೆ, ಇನ್ನೊಂದು ಪಕ್ಕ ಮಗ. ಅವನ ಆಚೆ ಪಕ್ಕದಲ್ಲೇ ಈಗ ಇವಳು ಮಲಗಿದ್ದಾಳೆ. ಅವನ ಮಣ್ಣಿಗೆ ಮೂರನೇ ದಿನ ಹಾಲು ಬಿಟ್ಟವಳು ಇವಳೇ. ಒಂದು ಹನಿ ಆಚೆ ಚೆಲ್ಲಲಿಲ್ಲ.

ಕ್ಯಾನ್ಸರ್ ಅಂತ ಗೊತ್ತಾಗಿದ್ದು ಅದಾದ ಮುಂದಿನ ವರ್ಷ, ನಾನು ರಿಟೈರ್ ಆದ ಮೇಲೆ. ಮಂಡ್ಯದ ಆಸ್ಪತ್ರೆಗೆ ನೋಡೋಕೆ ಹೋಗಿದ್ದೆ. ಮೈ ಅರ್ಧ ಆಗಿತ್ತು. "ಅಣ್ಣ, ಈಗ್ಲೂ ಅನ್ನಾನೇ ತಿಂತಿದ್ದೀಯಾ?" ಅಂದಳು.

ತಲೆ ಅಂಗಾಗಿತ್ತು ಅಂತ ನಿನ್ನೆ ಬೀಡಿ ಸೇದ್ತಾ ಹೇಳಿದವನು ಒಂದು ದಿನ ನನ್ನ ಬಸ್ಸಿನಲ್ಲಿದ್ದ. ಅವನು ತಲೆ ಕೆಟ್ಟಿದ್ದು ಅಂದದ್ದು ಅವತ್ತು ಅವಳು ಮಾಡಿದ್ದನ್ನೇ ನೆನೆಸಿಕೊಂಡು. ಅದನ್ನ ನಾನು ನೋಡಿದ ಹಾಗೆ ಹೇಳಿ ಮುಗಿಸ್ತೀನಿ.

ಪೆಟ್ಟಿಗೆಯಲ್ಲಿ ಬಂದ ಗಂಡನ ತಿಥಿ ಮುಗಿಸಿ ಅವಳು ಮತ್ತೆ ಡ್ಯೂಟಿಗೆ ಬಂದ ದಿನ. ಬಸ್ಸು ತುಂಬಿತ್ತು. ಟಿಕೆಟ್ ಕೊಟ್ಟಳು, ಚಿಲ್ಲರೆಗೆ ಜಗಳ ಆಡಿದಳು, ದೊಡ್ಡಿಯಲ್ಲಿ ಜನ ಇಳಿದು ಹತ್ತಿದರು. ಅದು ದಾಟಿದ ಮೇಲೆ ಮುಂದೆ ಬಂದು ಬಾಗಿಲ ಹತ್ತಿರದ ಕಂಬಿ ಹಿಡಿದು ನಿಂತಳು. ಮಳವಳ್ಳಿ ಕಾಣೋ ತಿರುವು ಬಂತು. ಅಲ್ಲಿ ಸ್ಟಾಪಿಲ್ಲ, ಮನೆಯಿಲ್ಲ, ಒಂದು ಮರ ಕೂಡ ಇಲ್ಲ. ರಸ್ತೆ ಬದಿಯಲ್ಲಿ, ಬದುವಿನ ಮೇಲೆ, ಎಲ್ಲೂ ಯಾರೂ ಇರಲಿಲ್ಲ.

"ಹೋಲ್ಡಾನ್," ಅಂದಳು.

ನಿಲ್ಲಿಸಿದೆ. ಅವಳು ಬಾಗಿಲು ತೆಗೆದಳು. ತಾನು ಒಂದು ಪಕ್ಕಕ್ಕೆ ಸರಿದು ಮೆಟ್ಟಿಲಿಗೆ ದಾರಿ ಬಿಟ್ಟು ನಿಂತಳು. ಕಾಲು ನೋವಿನ ಮುದುಕರು ಇಳಿಯುವಾಗ ನಿಲ್ತಿದ್ದಳಲ್ಲ, ಹಾಗೆ, ಒಂದು ಕೈ ಕೆಳಗೆ ಚಾಚಿ. ಬಸ್ಸಿನಲ್ಲಿ ಎಲ್ಲರೂ ಕತ್ತು ಉದ್ದ ಮಾಡಿ ನೋಡಿದರು. ಹಿಂದಿನಿಂದ ಆ ಬೀಡಿಯವನೇ ಕೂಗಿದ, "ಯಾರಮ್ಮ ಇಳಿಯೋರು? ಯಾರೂ ಇಲ್ವಲ್ಲ."

ಅವಳು ಅವಸರ ಮಾಡಲಿಲ್ಲ. ಆ ಮೆಟ್ಟಿಲು ಇಳಿಯೋಕೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಕಾದು, ಬಾಗಿಲು ಹಾಕಿದಳು.

"ಇಳುದ್ರು," ಅಂದಳು. "ರೈಟ್, ಓಗಣ್ಣ."

ನಾನು ಗೇರು ಹಾಕಿದೆ.